ಆರು ಎಣಿಸುವಷ್ಟರಲ್ಲಿ

ಬೆಳಗಿನ ಆರೂವರೆ. ಜೆ.ಪಿ. ನಗರದ ನಮ್ಮ ಕ್ರಾಸ್ ರಸ್ತೆ ಆಗಷ್ಟೇ ಎಚ್ಚರಗೊಳ್ಳುತ್ತಿರುತ್ತದೆ. ಎದುರುಮನೆಯ ಅಜ್ಜಿ ಗೇಟಿನ ಮುಂದೆ ನೀರು ಚಿಮುಕಿಸಿ, ಬಾಗಿ, ರಂಗೋಲಿಯ ಚುಕ್ಕಿ ಇಡುತ್ತಿರುತ್ತಾರೆ. ಹಿಂದಿನಿಂದ ಸ್ಕೂಟರಿನ ಸದ್ದು ಕೇಳಿದೊಡನೆ, ತಲೆ ಎತ್ತದೆ, ಎಡಗೈಯಲ್ಲಿ ಸೆರಗು ಒತ್ತಿ ಹಿಡಿದು ಒಂದು ಹೆಜ್ಜೆ ಗೇಟಿನ ಕಡೆ ಸರಿಯುತ್ತಾರೆ. ಸ್ಕೂಟರು ಹೋದ ಮೇಲೆ ಮತ್ತೆ ಒಂದು ಹೆಜ್ಜೆ ಮುಂದೆ. ರಂಗೋಲಿ ಮುಗಿಯುವಷ್ಟರಲ್ಲಿ ಹೀಗೆ ಏಳೆಂಟು ಸಲ. ಒಂದು ಕಾಲಕ್ಕೆ ರಸ್ತೆಯ ನಡುವಿನವರೆಗೂ ಚಾಚುತ್ತಿದ್ದ ಅವರ ರಂಗೋಲಿ ಈಗ ಚರಂಡಿಯ ಚಪ್ಪಡಿ ಕಲ್ಲಿನ ಮೇಲಕ್ಕೆ ಬಂದು ನಿಂತಿದೆ.

ಆ ಸ್ಕೂಟರುಗಳ ವೇಗ ಎಷ್ಟಿರಬಹುದು? ಒಂದು ಭಾನುವಾರ ಟೇಪು ಹಿಡಿದು ನಮ್ಮ ಗೇಟಿನಿಂದ ಹೊಂಗೆ ಮರದ ಕಡೆಗೆ 50 ಮೀಟರ್ ಅಳೆದೆ. ಎರಡೂ ಕಡೆ ಸೀಮೆಸುಣ್ಣದ ಗೆರೆ ಎಳೆದು, ಫೋನಿನ ಸ್ಟಾಪ್‌ವಾಚ್ ಹಿಡಿದು ಕಾಂಪೌಂಡಿಗೆ ಒರಗಿ ನಿಂತೆ. ಲೆಕ್ಕ ಸುಲಭ. 50 ಮೀಟರನ್ನು ಆರು ಸೆಕೆಂಡಿನಲ್ಲಿ ದಾಟಿದ ವಾಹನದ ವೇಗ ಗಂಟೆಗೆ 30 ಕಿ.ಮೀ. ನಾಲ್ಕೂವರೆ ಸೆಕೆಂಡಾದರೆ 40. ಮೂರೂವರೆ ದಾಟಿ ನಾಲ್ಕಕ್ಕೆ ಮುಟ್ಟುವ ಮೊದಲೇ ಎರಡನೇ ಗೆರೆ ತಲುಪಿದರೆ 50ರ ಆಸುಪಾಸು. ಸ್ಟಾಪ್‌ವಾಚ್ ಇಲ್ಲದಿದ್ದರೂ ಸರಿ, ಸಮಾಧಾನವಾಗಿ ಒಂದರಿಂದ ಆರರವರೆಗೆ ಎಣಿಸಿದರೆ ಸಾಕು. ಅಂದು ನಾನು ಆರರವರೆಗೆ ಎಣಿಸಲು ಬಿಟ್ಟವರು ತರಕಾರಿ ಗಾಡಿಯವರು, ಸೈಕಲ್ಲಿನ ಮಕ್ಕಳು, ಮತ್ತು ಹಿಂದೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಬಂದ ಕೆಲವು ಸ್ಕೂಟರಿನವರು. ಉಳಿದವರಲ್ಲಿ ಹೆಚ್ಚಿನವರು ಐದರೊಳಗೇ ದಾಟಿದರು.

ಈ ಅಧ್ಯಾಯ ಆ ಆರು ಸೆಕೆಂಡುಗಳ ಬಗ್ಗೆ. ಮನೆಗಳಿರುವ ಬೀದಿಗೆ ಗಂಟೆಗೆ 30 ಕಿ.ಮೀ. ಎಂಬ ಮಿತಿಯನ್ನು ಜಗತ್ತಿನ ಅನೇಕ ಊರುಗಳು ಒಪ್ಪಿಕೊಂಡಿವೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮಾವೇಶ, ನಡೆಯುವವರು, ಸೈಕಲಿನವರು ಮತ್ತು ವಾಹನಗಳು ಬೆರೆತು ಓಡಾಡುವ ಕಡೆಗಳಲ್ಲಿ 30 ಮೀರಬಾರದು ಎಂದು ಘೋಷಿಸಿತು. ಇಪ್ಪತ್ತೈದಲ್ಲ, ನಲವತ್ತಲ್ಲ, ಮೂವತ್ತೇ ಏಕೆ? ಉತ್ತರ ನಮ್ಮ ಎಲುಬಿನಲ್ಲಿದೆ, ಮಕ್ಕಳ ಕಣ್ಣಿನಲ್ಲಿದೆ.

ಚೆಂಡಿನ ಹಿಂದೆ ಓಡಿ ಬಂದ ಮಗು

ಬನಶಂಕರಿಯ ಒಂದು ಕ್ರಾಸ್ ರಸ್ತೆ. ಎರಡೂ ಬದಿಗೆ ಕಾರುಗಳು ಸಾಲಾಗಿ ನಿಂತಿವೆ. ಎರಡು ಕಾರುಗಳ ಸಂದಿನಿಂದ ಟೆನಿಸ್ ಚೆಂಡೊಂದು ಉರುಳಿ ರಸ್ತೆಗೆ ಬರುತ್ತದೆ, ಅದರ ಹಿಂದೆಯೇ ಏಳು ವರ್ಷದ ಹುಡುಗ. ಸುಮಾರು 14 ಮೀಟರ್ ದೂರದಲ್ಲಿ ಒಂದು ಕಾರು ಬರುತ್ತಿದೆ.

ಕಂಡದ್ದು ಮಗು ಎಂದು ಮಿದುಳು ಗುರುತಿಸಿ, ಕಾಲು ಬ್ರೇಕಿನ ಮೇಲೆ ಹೋಗಿ, ಅದನ್ನು ಒತ್ತುವಷ್ಟರಲ್ಲಿ ಎಚ್ಚರವಿರುವ ಚಾಲಕನಿಗೂ ಒಂದು ಸೆಕೆಂಡಾದರೂ ಬೇಕು. 30ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಕಾರು 8 ಮೀಟರ್ ಮುಂದೆ ಬರುತ್ತದೆ. ಒಣಗಿದ ಡಾಂಬರಿನ ಮೇಲೆ ಬ್ರೇಕ್ ಚೆನ್ನಾಗಿ ಹಿಡಿದರೆ ನಿಲ್ಲಲು ಇನ್ನೊಂದು 5 ಮೀಟರ್. ಒಟ್ಟು 13. ಹುಡುಗನ ಮುಂದೆ ಒಂದು ಮಾರು ದೂರವೂ ಇಲ್ಲದಂತೆ ಕಾರು ನಿಲ್ಲುತ್ತದೆ. ಬೈಗುಳ ಬೀಳಬಹುದು, ಅಮ್ಮ ಓಡಿ ಬಂದು ಕೈಹಿಡಿದು ಎಳೆದೊಯ್ಯಬಹುದು. ಅಲ್ಲಿಗೆ ಕಥೆ ಮುಗಿಯಿತು.

ಅದೇ ಕಾರು 50ರಲ್ಲಿ ಬರುತ್ತಿದ್ದರೆ? ಆ ಒಂದು ಸೆಕೆಂಡಿನಲ್ಲೇ ಅದು ಸುಮಾರು 14 ಮೀಟರ್ ಬಂದುಬಿಟ್ಟಿರುತ್ತದೆ. ಅಂದರೆ ಚಾಲಕನ ಕಾಲು ಬ್ರೇಕನ್ನು ಮುಟ್ಟುವ ಹೊತ್ತಿಗೆ ಕಾರು ಮಗುವನ್ನು ಮುಟ್ಟಿರುತ್ತದೆ, ಪೂರ್ತಿ 50ರ ವೇಗದಲ್ಲೇ. ಮೂವತ್ತರ ಕಾರು ನಿಂತೇಬಿಟ್ಟ ಜಾಗದಲ್ಲಿ ಐವತ್ತರ ಕಾರು ಬ್ರೇಕ್ ಹಾಕಲು ಶುರುವನ್ನೇ ಮಾಡಿರುವುದಿಲ್ಲ. ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು ಪೂರ್ತಿ ನಿಲ್ಲಬೇಕಾದರೆ ಒಟ್ಟು 28 ಮೀಟರ್ ಬೇಕು. ಮೊದಲ ಮಳೆ ಬಿದ್ದು ಡಾಂಬರಿನ ಮೇಲಿನ ಎಣ್ಣೆ, ಧೂಳು ಕಲಸಿ ಜಾರುವ ದಿನ ಇನ್ನೂ ಹೆಚ್ಚು.

ಮಹಡಿಯ ಲೆಕ್ಕ

ವೇಗವನ್ನು ನಮ್ಮ ದೇಹ ನೇರವಾಗಿ ಗ್ರಹಿಸುವುದಿಲ್ಲ, ಎತ್ತರವನ್ನು ಗ್ರಹಿಸುತ್ತದೆ. ಮಹಡಿಯ ಅಂಚಿಗೆ ಹೋದರೆ ಕಾಲು ತಾನಾಗಿ ಹಿಂದೆಗೆಯುತ್ತದೆ. ಆದ್ದರಿಂದ ವೇಗವನ್ನು ಎತ್ತರವಾಗಿ ಮಾರ್ಪಡಿಸಿ ನೋಡೋಣ. ಮೇಲಿನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ 30 ಕಿ.ಮೀ. ವೇಗ ಪಡೆಯಬೇಕಾದರೆ ಅದು ಮೂರೂವರೆ ಮೀಟರ್ ಎತ್ತರದಿಂದ ಬೀಳಬೇಕು. ಅದು ಒಂದು ಮಹಡಿ. 40ಕ್ಕೆ ಆರು ಮೀಟರಿಗಿಂತ ತುಸು ಹೆಚ್ಚು, ಎರಡು ಮಹಡಿ. 50ಕ್ಕೆ ಹತ್ತು ಮೀಟರಿನ ಹತ್ತಿರ, ಮೂರು ಮಹಡಿ. 60ಕ್ಕೆ 14 ಮೀಟರ್, ನಾಲ್ಕು ಮಹಡಿಗೂ ಮೇಲೆ. ಒಂದು ಮಹಡಿಯಿಂದ ಬಿದ್ದವರು ಕೈಕಾಲು ಮುರಿದುಕೊಂಡರೂ ಸಾಮಾನ್ಯವಾಗಿ ಬದುಕುತ್ತಾರೆ. ನಾಲ್ಕನೇ ಮಹಡಿಯಿಂದ ಬಿದ್ದವರ ಬಗ್ಗೆ ಆ ಭರವಸೆ ಹೇಳಲಾಗದು.

ಅಪಘಾತಗಳ ಅಧ್ಯಯನವೂ ಇದನ್ನೇ ಹೇಳುತ್ತದೆ. 2009ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಎರಿಕ್ ರೋಸೆನ್ ಮತ್ತು ಉಲ್ರಿಕ್ ಸ್ಯಾಂಡರ್ ಜರ್ಮನಿಯ ಅಪಘಾತಗಳ ದಾಖಲೆ ಹಿಡಿದು ಲೆಕ್ಕ ಹಾಕಿದರು. ಕಾರು ಗುದ್ದಿದಾಗ ಪಾದಚಾರಿ ಸಾಯುವ ಸಂಭವ 30ಕ್ಕಿಂತ 50ರಲ್ಲಿ ಐದು ಪಟ್ಟಿಗೂ ಹೆಚ್ಚು, 40ಕ್ಕಿಂತ 50ರಲ್ಲಿ ಎರಡು ಪಟ್ಟಿಗೂ ಹೆಚ್ಚು ಎಂದು ಅವರಿಗೆ ಕಂಡಿತು. ಅದೇ ದೇಶದ ಯೋರಾನ್ ನಿಲ್ಸನ್ ಇನ್ನೊಂದು ಬಗೆಯಲ್ಲಿ ನೋಡಿದರು. ಒಂದು ರಸ್ತೆಯ ಸರಾಸರಿ ವೇಗ ಬದಲಾದಾಗ ಸಾವು ತರುವ ಅಪಘಾತಗಳು ಹೆಚ್ಚುಕಡಿಮೆ ವೇಗದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತವೆ. ಸರಾಸರಿ ವೇಗ ಶೇ. 5ರಷ್ಟು ಇಳಿದರೆ ಸಾವಿನ ಅಪಘಾತಗಳು ಸುಮಾರು ಶೇ. 19ರಷ್ಟು ಇಳಿಯುತ್ತವೆ. ಔಷಧದ ಅಂಗಡಿಯಲ್ಲಿ ಇಷ್ಟು ಗುಣ ಕೊಡುವ ಮಾತ್ರೆಯಿದ್ದರೆ ನಾವು ಸಾಲುಗಟ್ಟಿ ನಿಲ್ಲುತ್ತಿದ್ದೆವು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಬೆಂಗಳೂರಿನಲ್ಲಿ 2023ರಲ್ಲಿ ಸತ್ತವರು ಒಂಬೈನೂರಕ್ಕೂ ಹೆಚ್ಚು, ಅದರಲ್ಲಿ ಮೂರರಲ್ಲೊಂದು ಪಾಲಿನಷ್ಟು ನಡೆಯುವವರು. ಈ ಸಂಖ್ಯೆಗಳ ಹಿಂದಿನ ಮುಖಗಳನ್ನು ದಕ್ಷಿಣ ಬೆಂಗಳೂರು ಹತ್ತಿರದಿಂದಲೇ ನೋಡಿದೆ. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ, ಸಂಜಯ್ ಗಾಂಧಿ ಟ್ರಾಮಾ ಆಸ್ಪತ್ರೆ ಇರುವುದು ಜಯನಗರಕ್ಕೆ ಅಂಟಿಕೊಂಡ ಬೈರಸಂದ್ರದಲ್ಲಿ. ನಿಮ್ಹಾನ್ಸ್‌ನ ಸಾರ್ವಜನಿಕ ಆರೋಗ್ಯ ತಜ್ಞ ಡಾ. ಜಿ. ಗುರುರಾಜ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಈ ಗಾಯಗಳನ್ನು ರೋಗವನ್ನು ಅಧ್ಯಯನ ಮಾಡುವಂತೆಯೇ ಅಧ್ಯಯನ ಮಾಡಿದ್ದಾರೆ. ಕಾರಣ ಹುಡುಕಬಹುದು, ತಡೆಯಲೂಬಹುದು ಎಂಬುದೇ ಆ ನೋಟದ ತಿರುಳು. ನಾವು ಮಾತ್ರ ಇನ್ನೂ ‘ವಿಧಿ’ ಎನ್ನುತ್ತೇವೆ, ‘ಟೈಮ್ ಸರಿ ಇರಲಿಲ್ಲ’ ಎನ್ನುತ್ತೇವೆ.

ನಿಂತಂತೆ ಕಾಣುವ ಸ್ಕೂಟರು

‘ರಸ್ತೆ ದಾಟುವಾಗ ಎರಡೂ ಕಡೆ ನೋಡು ಪುಟ್ಟಾ’ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಮಗು ನೋಡುತ್ತದೆ, ನೋಡಿಯೂ ದಾಟುತ್ತದೆ. ಆಮೇಲೆ ‘ಕಣ್ಣಿರಲಿಲ್ವಾ’ ಎಂದು ಬೈಯುತ್ತೇವೆ. ಕಣ್ಣು ಇತ್ತು. ಆ ಕಣ್ಣಿಗೆ ಏನು ಕಂಡಿತು ಎಂಬುದನ್ನು ನಾವು ಕೇಳುವುದಿಲ್ಲ.

ನಮ್ಮ ಕಡೆಗೇ ನೇರ ಬರುತ್ತಿರುವ ವಾಹನ ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಅದು ಬರುತ್ತಿದೆ ಎಂಬುದಕ್ಕೆ ಕಣ್ಣಿಗೆ ಸಿಗುವ ಸುಳಿವು ಒಂದೇ, ಅದರ ಬಿಂಬ ದೊಡ್ಡದಾಗುತ್ತಾ ಹೋಗುವುದು. ದೂರದಲ್ಲಿರುವಾಗ ಬಿಂಬ ಬಹಳ ನಿಧಾನವಾಗಿ ಹಿಗ್ಗುತ್ತದೆ, ಹತ್ತಿರ ಬಂದಾಗ ಒಮ್ಮೆಲೇ ಉಬ್ಬಿ ಕಣ್ತುಂಬುತ್ತದೆ. ಹಿಗ್ಗುವಿಕೆ ಒಂದು ಮಟ್ಟ ಮುಟ್ಟುವವರೆಗೆ ಮಿದುಳಿಗೆ ಆ ವಾಹನ ನಿಂತಂತೆಯೇ ತೋರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಎರಡು ಸ್ಕೂಟರುಗಳು ನಮ್ಮನ್ನು ತಲುಪಲು ಇನ್ನು ಐದೇ ಸೆಕೆಂಡಿದೆ ಎಂದುಕೊಳ್ಳಿ. ಒಂದರ ವೇಗ 30, ಇನ್ನೊಂದರದು 60. ಮೊದಲನೆಯದು ಈಗ 42 ಮೀಟರ್ ದೂರದಲ್ಲಿದೆ, ಎರಡನೆಯದು 83 ಮೀಟರ್ ದೂರದಲ್ಲಿ. ಬಿಂಬ ಹಿಗ್ಗುವ ದರ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ವೇಗದೊಡನೆ ನೇರವಾಗಿ ಏರುತ್ತದೆ. ದೂರ ಎರಡು ಪಟ್ಟಾದ್ದರಿಂದ ದರ ಕಾಲು ಭಾಗಕ್ಕೆ ಇಳಿಯಿತು, ವೇಗ ಎರಡು ಪಟ್ಟಾದ್ದರಿಂದ ಅದು ಎರಡರಷ್ಟಾಯಿತು. ಕೂಡಿಸಿ ನೋಡಿದರೆ ಅರ್ಧ. ಅಂದರೆ ದಾಟಲು ಉಳಿದಿರುವ ಸಮಯ ಒಂದೇ ಆಗಿದ್ದರೂ, ಹೆಚ್ಚು ವೇಗದ ಸ್ಕೂಟರು ಕಣ್ಣಿಗೆ ಹೆಚ್ಚು ನಿಶ್ಚಲವಾಗಿ ಕಾಣುತ್ತದೆ! ಇದಕ್ಕೆ ಅಗಲವನ್ನೂ ಸೇರಿಸಿ. ಕಾರಿನ ಅಗಲ 1.7 ಮೀಟರ್ ಇದ್ದರೆ ಸ್ಕೂಟರಿನದು 0.7 ಮೀಟರ್. 60ರಲ್ಲಿ ಬರುವ ಸ್ಕೂಟರಿನ ಬಿಂಬ, ಅಷ್ಟೇ ಸಮಯದ ಅಂತರದಲ್ಲಿ 30ರಲ್ಲಿ ಬರುವ ಕಾರಿನ ಬಿಂಬ ಹಿಗ್ಗುವುದರ ಐದನೇ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತಿರುತ್ತದೆ.

ಈ ಹಿಗ್ಗುವಿಕೆಯನ್ನು ಗುರುತಿಸುವ ಶಕ್ತಿ ಮಕ್ಕಳಲ್ಲಿ ಇನ್ನೂ ಬಲಿತಿರುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಜಾನ್ ವಾನ್ ಮತ್ತು ಸಂಗಡಿಗರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನ ಸಮೀಪಿಸುತ್ತಿರುವುದು ಆ ವಯಸ್ಸಿನ ಮಕ್ಕಳಿಗೆ ಕೆಲವು ಸಂದರ್ಭಗಳಲ್ಲಿ ಗೊತ್ತೇ ಆಗದೆ ಹೋಗಬಹುದು ಎಂಬುದು ಅವರ ಕಾಣ್ಕೆ. ಮಗು ಅಜಾಗರೂಕವಾಗಿರಲಿಲ್ಲ. ಅದರ ಕಣ್ಣು ಮತ್ತು ಮಿದುಳಿಗೆ ಒಗ್ಗುವ ವೇಗವನ್ನು ನಾವು ಮೀರಿದ್ದೆವು. ಎಷ್ಟು ಬೈದರೂ, ಎಷ್ಟು ಪಾಠ ಹೇಳಿದರೂ ಆ ವಯಸ್ಸಿನ ಕಣ್ಣನ್ನು ಬೇಗ ಬೆಳೆಸಲಾಗದು. ತಗ್ಗಿಸಬಹುದಾದದ್ದು ವೇಗ ಮಾತ್ರ.

ಮುದುಕರ ಲೆಕ್ಕ ಇನ್ನೊಂದು ಬಗೆಯದು. 9 ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 0.8 ಮೀಟರಿನಂತೆ ಹೆಜ್ಜೆಯಿಡುವ ಹಿರಿಯರು ದಾಟಲು ಹನ್ನೊಂದು ಸೆಕೆಂಡು ಬೇಕು. ಅಷ್ಟರಲ್ಲಿ 50ರ ವಾಹನ 150 ಮೀಟರಿಗೂ ಹೆಚ್ಚು ದೂರದಿಂದ ಬಂದು ಮುಟ್ಟುತ್ತದೆ. ಪೊರೆ ಬಂದ ಕಣ್ಣಿನಿಂದ, ಸಾಲು ಕಾರುಗಳ ಸಂದಿನಲ್ಲಿ ನಿಂತು, ಅಷ್ಟು ದೂರ ನೋಡುವುದು ಹೇಗೆ? ವಿಶ್ರಾಂತ ಜೀವನಕ್ಕೆಂದೇ ಜಯನಗರದಲ್ಲಿ ಮನೆ ಕಟ್ಟಿಕೊಂಡವರು ಎದುರು ಬದಿಯ ಪಾರ್ಕಿಗೆ ಹೋಗುವುದನ್ನು ಬಿಟ್ಟು ತಾರಸಿಯ ಮೇಲೆ ಸುತ್ತು ಹಾಕುವುದು ಇದಕ್ಕೇ.

ರಸ್ತೆ ಆಡುವ ಮಾತು

ಹಾಗಾದರೆ ಬೋರ್ಡು ಹಾಕಿದರೆ ಆಯಿತಲ್ಲ? ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಬರಹವನ್ನು ನಾವು ಓದುತ್ತಲೇ ಬೆಳೆದವರು. ಆದರೆ ಚಾಲಕ ಬೋರ್ಡನ್ನು ಓದುವುದು ಒಂದು ಕ್ಷಣ, ರಸ್ತೆಯನ್ನು ಓದುವುದು ಪ್ರತಿ ಕ್ಷಣ. ರಸ್ತೆ ಅಗಲವಾಗಿ, ನೆಟ್ಟಗೆ, ನುಣ್ಣಗೆ ಇದ್ದರೆ ಅದು ‘ಹೋಗು’ ಎನ್ನುತ್ತದೆ. ಇಕ್ಕಟ್ಟಾಗಿ, ತಿರುವಾಗಿ, ಪಕ್ಕದಲ್ಲೇ ಮರ, ಮನೆ, ಮನುಷ್ಯರಿದ್ದರೆ ‘ನಿಧಾನ’ ಎನ್ನುತ್ತದೆ. ಕಣ್ಣಂಚಿನಲ್ಲಿ ಹಿಂದಕ್ಕೆ ಹರಿಯುವ ಮರದ ಕಾಂಡಗಳು, ಕಾಂಪೌಂಡುಗಳು ಹತ್ತಿರವಿದ್ದಷ್ಟೂ ವೇಗ ಹೆಚ್ಚೆಂದು ಮಿದುಳಿಗೆ ಅನ್ನಿಸುತ್ತದೆ, ಕಾಲು ತಾನಾಗಿ ಸಡಿಲಾಗುತ್ತದೆ. ಸಾಲುಮರಗಳು ನೆರಳಿನ ಜೊತೆಗೆ ಈ ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತವೆ. ರಸ್ತೆ ಅಗಲ ಮಾಡಲು ಮರ ಕಡಿದಾಗ ನೆರಳಿನೊಂದಿಗೆ ಆ ಕಡಿವಾಣವನ್ನೂ ಕಡಿದಂತಾಗುತ್ತದೆ.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ, ಬ್ಲಾಕು, ಮೇನು, ಕ್ರಾಸು ಎಂದು ಚೌಕುಳಿಯಾಗಿ ಗೆರೆ ಎಳೆದು ಉದಾರವಾಗಿ ರಸ್ತೆ ಬಿಟ್ಟರು. ಅಂದು ಆ ರಸ್ತೆಗಳಲ್ಲಿ ಓಡಾಡುತ್ತಿದ್ದದ್ದು ಸೈಕಲ್ಲು, ಜಟಕಾ, ಅಪರೂಪಕ್ಕೊಂದು ಕಾರು. ಇಂದು ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಅಂದಿನ ಔದಾರ್ಯವೇ ಇಂದು ಬೆಳಗಿನ ಜಾವ ಮತ್ತು ರಾತ್ರಿ ಹತ್ತರ ಮೇಲೆ ಓಟದ ಅಂಕಣವಾಗುತ್ತದೆ.

ಕಾನೂನು ಹೇಳುವುದನ್ನೂ ನೋಡಿ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ನಗರಸಭೆ, ಪಾಲಿಕೆಗಳ ರಸ್ತೆಗಳಲ್ಲಿ ಗರಿಷ್ಠ ಮಿತಿ ಕಾರಿಗೆ 70, ದ್ವಿಚಕ್ರಕ್ಕೆ 60, ಆಟೊಗೆ 50. ಇದು ಮನೆ ಮುಂದಿನ ಕ್ರಾಸಿಗೆ ತಕ್ಕ ವೇಗವಲ್ಲ ಎಂದು ಮೇಲಿನ ಮಹಡಿಯ ಲೆಕ್ಕವೇ ಹೇಳುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ರಾಜ್ಯ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟವರಿಗೆ ಸಾರ್ವಜನಿಕರ ಸುರಕ್ಷತೆಗಾಗಿ ಇದಕ್ಕಿಂತ ಕಡಿಮೆ ಮಿತಿ ವಿಧಿಸುವ ಅವಕಾಶ ಕೊಟ್ಟಿದೆ. ಬಡಾವಣೆಗಳ ಒಳರಸ್ತೆಗಳಿಗೆ 30 ಎಂದು ಘೋಷಿಸಲು ಹೊಸ ಕಾನೂನು ಬೇಕಿಲ್ಲ, ಆದೇಶವೊಂದು ಸಾಕು.

ಹಂಪಿನ ಗಣಿತ

ನಮ್ಮವರಿಗೆ ವೇಗ ತಗ್ಗಿಸುವುದೆಂದರೆ ಹಂಪ್ ಹಾಕುವುದು. ಒಂದು ಅಪಘಾತವಾದ ಮರುದಿನವೇ ನಿವಾಸಿಗಳು ಒತ್ತಾಯಿಸುತ್ತಾರೆ, ವಾರದೊಳಗೆ ಒಂದು ಗಾಡಿ ಡಾಂಬರು ಸುರಿದು ಗುಡ್ಡೆ ಮಾಡಿರುತ್ತದೆ. ನಮ್ಮ ರಸ್ತೆಯ ಹಂಪನ್ನೂ ಅದೇ ಟೇಪಿನಲ್ಲಿ ಅಳೆದೆ. ಎತ್ತರ 14 ಸೆಂಟಿಮೀಟರ್, ಉದ್ದ 80. ಅದರ ಬೆನ್ನ ಮೇಲೆ ಕಾರುಗಳ ಹೊಟ್ಟೆ ಉಜ್ಜಿದ ಬಿಳಿ ಗೀರುಗಳಿದ್ದವು. ಬಳಿದ ಬಣ್ಣ ಯಾವತ್ತೋ ಮಾಸಿತ್ತು.

ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಐಆರ್‌ಸಿ 99 ಎಂಬ ಮಾರ್ಗಸೂಚಿ ಹೊರತಂದು, 2018ರಲ್ಲಿ ಅದನ್ನು ಪರಿಷ್ಕರಿಸಿದೆ. ಹಂಪ್ ಹೇಗಿರಬೇಕೆಂದು ಅದು ಮೊದಲಿನಿಂದಲೇ ಸ್ಪಷ್ಟವಾಗಿ ಹೇಳಿತ್ತು. 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು, 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ. ದಾಟುವ ವೇಗ 25. ಈ ಆಕಾರದ ಮೂಲ ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ಜಿ. ಆರ್. ವಾಟ್ಸ್ 1973ರಲ್ಲಿ ನಡೆಸಿದ ಪ್ರಯೋಗಗಳಲ್ಲಿದೆ.

17 ಮೀಟರ್ ಎಂಬ ಸಂಖ್ಯೆಯಲ್ಲಿ ಎಷ್ಟು ಅರ್ಥವಿದೆ ನೋಡಿ. ಜಾತ್ರೆಯ ತೊಟ್ಟಿಲು ತುದಿ ಮುಟ್ಟಿ ಇಳಿಯುವಾಗ ಹೊಟ್ಟೆಯಲ್ಲಿ ಚುಳ್ ಎನ್ನುತ್ತದಲ್ಲ, ವಾಹನ ಹಂಪಿನ ಬೆನ್ನೇರಿ ಇಳಿಯುವಾಗಲೂ ಆಗುವುದು ಅದೇ. ಆ ಅನುಭವದ ಅಳತೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಸಿಗುತ್ತದೆ. ಸ್ಪ್ರಿಂಗಿನ ನೆರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 25ರ ವೇಗದಲ್ಲಿ ನಮ್ಮ ತೂಕದ ಕಾಲು ಭಾಗಕ್ಕಿಂತ ತುಸು ಹೆಚ್ಚು ಕಳೆದಂತಾಗುತ್ತದೆ. ಹಿತವಾದ ತೂಗಾಟ. 40ರಲ್ಲಿ ಮುಕ್ಕಾಲು ಭಾಗ ಕಳೆಯುತ್ತದೆ. 46 ದಾಟಿದರೆ ತೂಕ ಪೂರ್ತಿ ಹೋಗಿ ಗಾಲಿ ನೆಲ ಬಿಡಲು ಅಣಿಯಾಗುತ್ತದೆ. ನಿಯಮ ಪಾಲಿಸುವವರನ್ನು ಅದು ನೋಯಿಸುವುದಿಲ್ಲ, ಮೀರಿದವರಿಗೆ ಮೀರಿದಷ್ಟೂ ಎಚ್ಚರಿಸುತ್ತದೆ. ಕಾನೂನನ್ನು ಡಾಂಬರಿನಲ್ಲಿ ಬರೆದಿಟ್ಟಂತೆ.

ನಮ್ಮ ಗಿಡ್ಡ ಗುಡ್ಡೆಗಳು ಇದಕ್ಕೆ ತದ್ವಿರುದ್ಧ. ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಸುಮಾರು ಎರಡೂವರೆ ಮೀಟರ್. 3.7 ಮೀಟರಿನ ಹಂಪ್ ಇಡೀ ಕಾರನ್ನು ಎತ್ತಿ ಇಳಿಸುತ್ತದೆ. 80 ಸೆಂಟಿಮೀಟರಿನದು ಒಂದೊಂದೇ ಗಾಲಿಗೆ ಪೆಟ್ಟು ಕೊಡುತ್ತದೆ. ಮೆಲ್ಲಗೆ ಬಂದವರಿಗೆ ಆ ಏಟು ಪೂರ್ತಿ ತಾಗುತ್ತದೆ. ವೇಗವಾಗಿ ಬಂದ ಭಾರಿ ವಾಹನದ ಸ್ಪ್ರಿಂಗು ಅದನ್ನು ನುಂಗಿಕೊಳ್ಳುತ್ತದೆ. ಗಿಡ್ಡ ಹಂಪಿನ ಮೇಲೆ ವೇಗ ಹೆಚ್ಚಿದಷ್ಟೂ ಒಳಗೆ ಕೂತವರ ತೊಂದರೆ ಕಡಿಮೆಯಾಗಬಹುದು ಎಂಬುದನ್ನು ವಾಟ್ಸ್ ಅಂದೇ ಗಮನಿಸಿದ್ದರು. ನೋವು ಬೀಳುವುದು ಯಾರ ಮೇಲೆ? ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ತಾಯಿಯ ಮೇಲೆ, ಆಟೊದಲ್ಲಿ ಆಸ್ಪತ್ರೆಗೆ ಹೊರಟ ಗರ್ಭಿಣಿಯ ಮೇಲೆ, ಸೊಂಟನೋವಿನ ಅಜ್ಜನ ಮೇಲೆ. ಮಳೆನೀರು ಹರಿಯಲೆಂದು ಅಂಚಿನಲ್ಲಿ ಒಂದೂವರೆ ಅಡಿ ಜಾಗ ಬಿಟ್ಟಿರುತ್ತಾರೆ. ಬೈಕುಗಳು ಹಂಪ್ ತಪ್ಪಿಸಲು ಅಲ್ಲಿಗೇ ನುಸುಳುತ್ತವೆ. ಜನ ನಡೆಯುವುದೂ ಅಲ್ಲೇ.

ಇದಕ್ಕಿಂತ ಚೆನ್ನಾದದ್ದು ಮೇಜಿನಂಥ ದಾಟುದಾರಿ. ಜೀಬ್ರಾ ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಏರಿಸಿ, ಎರಡೂ ಕಡೆ ಇಳಿಜಾರು ಕೊಡುವುದು. ನಡೆಯುವವರು ಇಳಿಯದೆ ಹತ್ತದೆ ಸಮವಾಗಿ ದಾಟುತ್ತಾರೆ, ಗಾಲಿಕುರ್ಚಿಯೂ ಸಲೀಸಾಗಿ ಹೋಗುತ್ತದೆ, ವಾಹನ ಏರಿ ಇಳಿಯಬೇಕಾಗುತ್ತದೆ. ಯಾರು ಯಾರ ಜಾಗಕ್ಕೆ ಬರುತ್ತಿದ್ದಾರೆ ಎಂಬುದು ಆಗ ಚಾಲಕನಿಗೆ ಹೇಳದೆ ತಿಳಿಯುತ್ತದೆ.

ಮೂಲೆಯ ತಿರುವನ್ನೂ ಗಮನಿಸಿ. ದೊಡ್ಡ ತ್ರಿಜ್ಯದ ನುಣ್ಣನೆಯ ಮೂಲೆಯಲ್ಲಿ ಕಾರು ಬ್ರೇಕ್ ಮುಟ್ಟದೆ ತಿರುಗಬಲ್ಲದು. ತ್ರಿಜ್ಯ 15 ಮೀಟರ್ ಇದ್ದರೆ ಆರಾಮವಾಗಿ 24ರ ವೇಗದಲ್ಲಿ, 4 ಮೀಟರಿಗೆ ಇಳಿಸಿದರೆ 12ರ ವೇಗದಲ್ಲಿ. ಫುಟ್‌ಪಾತಿನ ಮೂಲೆಯನ್ನು ಒಂದಿಷ್ಟು ಮುಂದಕ್ಕೆ ಚಾಚಿದರೆ ತಿರುವಿನ ವೇಗ ಅರ್ಧವಾಗುತ್ತದೆ, ದಾಟುವ ದೂರವೂ ಕಡಿಮೆಯಾಗುತ್ತದೆ.

ಇನ್ನು ಸರ್ಕಲ್ಲು. ನಾಲ್ಕು ರಸ್ತೆ ಸೇರುವ ಸಾಮಾನ್ಯ ಕೂಡುದಾರಿಯಲ್ಲಿ ವಾಹನಗಳು ಒಂದಕ್ಕೊಂದು ಎದುರಾಗುವ 32 ಬಿಂದುಗಳಿರುತ್ತವೆ, ನಡುವೆ ದುಂಡು ಕಟ್ಟೆ ಹಾಕಿ ಸುತ್ತಿಸಿದರೆ 8 ಮಾತ್ರ. ಎದುರುಬದುರು ಗುದ್ದುವ ಸಂಭವವೂ ಹೋಗುತ್ತದೆ. ನಮ್ಮ ಹಿರಿಯರು ಸರ್ಕಲ್ ಕಟ್ಟಿ ಬಡಾವಣೆ ಮಾಡಿದರು. ಎಷ್ಟೋ ಕಡೆ ಆ ಕಟ್ಟೆ ಹೋಗಿ ಸಿಗ್ನಲ್ ಬಂತು, ಸರ್ಕಲ್ ಎಂಬ ಹೆಸರಷ್ಟೇ ಉಳಿಯಿತು. ಒಳರಸ್ತೆಗಳ ಕೂಡುದಾರಿಗೆ ಆ ಹಳೆಯ ಜಾಣತನವನ್ನು ಮರಳಿ ತರಬಹುದು.

ಬಡಾವಣೆಗೊಂದು ಹೊಸ್ತಿಲು

ಒಂದು ಬೀದಿಯಲ್ಲಿ ಹಂಪ್ ಹಾಕಿದರೆ ವಾಹನಗಳು ಪಕ್ಕದ ಬೀದಿಗೆ ಹೋಗುತ್ತವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಮೆಟ್ರೊ ಮತ್ತು ಮೇಲ್ಸೇತುವೆಯ ಕಾಮಗಾರಿ ವರ್ಷಗಟ್ಟಲೆ ನಡೆದಾಗ ಬಿ.ಟಿ.ಎಂ. ಬಡಾವಣೆಯವರು, ಜೆ.ಪಿ. ನಗರದವರು ಇದನ್ನು ಅನುಭವಿಸಿದ್ದಾರೆ. ಫೋನಿನ ನಕ್ಷೆ ಎರಡು ನಿಮಿಷ ಉಳಿಯುತ್ತದೆಂದು ಕಂಡ ಕ್ರಾಸಿಗೆಲ್ಲ ವಾಹನಗಳನ್ನು ನುಗ್ಗಿಸುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡತೊಡಗಿದೆ, ಆದರೆ ಒಮ್ಮೆ ಕಲಿತ ಒಳದಾರಿಯನ್ನು ಜನ ಬೇಗ ಮರೆಯುವುದಿಲ್ಲ.

ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಬಡಾವಣೆಯನ್ನು ಇಡಿಯಾಗಿ. ಜರ್ಮನಿಯ ಬುಕ್ಸ್‌ಟೆಹುಡೆ ಎಂಬ ಸಣ್ಣ ಊರು 1983ರಲ್ಲಿ ಆ ದೇಶದ ಮೊದಲ ‘ಮೂವತ್ತರ ವಲಯ’ವಾಯಿತು. ಆಸ್ಟ್ರಿಯಾದ ಗ್ರಾಟ್ಸ್ 1992ರಲ್ಲಿ ಮುಖ್ಯರಸ್ತೆಗಳನ್ನು ಬಿಟ್ಟು ಇಡೀ ನಗರಕ್ಕೆ 30 ಎಂದಿತು. ಅರ್ಧಕ್ಕಿಂತ ಹೆಚ್ಚು ರಸ್ತೆಗಳಲ್ಲಿ 30ರ ಮಿತಿಯಿರುವ ಹೆಲ್ಸಿಂಕಿ ನಗರ, 2025ರ ಜುಲೈಗೆ ಹಿಂದಿನ ಒಂದು ವರ್ಷದಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ ಎಂದು ಹೇಳಿಕೊಂಡಿತು.

ನಮ್ಮಲ್ಲಿ ಇದು ಹೇಗಿರಬಹುದು? ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ಹೊರವರ್ತುಲ ರಸ್ತೆ ತಮ್ಮ ಪಾಡಿಗೆ ತಮ್ಮ ವೇಗದಲ್ಲಿರಲಿ. ಅಲ್ಲಿಂದ ಬಡಾವಣೆಯೊಳಗೆ ತಿರುಗುವ ಪ್ರತಿ ಬಾಯಲ್ಲೂ ಒಂದು ಮೇಜುದಾಟು, ಕಿರಿದಾದ ಮೂಲೆ, 30ರ ಫಲಕ. ಮನೆಯ ಹೊಸ್ತಿಲಿನಂತೆ. ಹೊಸ್ತಿಲು ದಾಟುವಾಗ ಯಾರೂ ಹೇಳದಿದ್ದರೂ ನಾವು ಚಪ್ಪಲಿ ಬಿಡುತ್ತೇವಲ್ಲ, ಹಾಗೆ ವಾಹನದ ಜೋರನ್ನೂ ಅಲ್ಲೇ ಬಿಡಬೇಕೆಂದು ರಸ್ತೆಯೇ ಹೇಳಬೇಕು. ನಾಲ್ಕೈದು ಕ್ರಾಸುಗಳಲ್ಲಿ ಒಂದರ ಬಾಯಿಗೆ ಗಿಡದ ಕಟ್ಟೆ ಕಟ್ಟಿ ಸೈಕಲ್ಲು ಮತ್ತು ನಡೆಯುವವರನ್ನಷ್ಟೇ ಬಿಟ್ಟರೆ ಅಡ್ಡದಾರಿ ಹಿಡಿಯುವವರಿಗೆ ಲಾಭವೇ ಉಳಿಯುವುದಿಲ್ಲ.

ಬರೀ ಬಣ್ಣ ಬಳಿದರೆ ಸಾಲದು ಎಂಬ ಪಾಠವನ್ನು ಜಯನಗರ ಆಗಲೇ ಕಲಿತಿದೆ. 2012–13ರ ಸುಮಾರಿಗೆ ಇಲ್ಲಿನ ರಸ್ತೆಗಳಲ್ಲಿ ನಗರದ ಮೊದಮೊದಲ ಸೈಕಲ್ ಪಥಗಳನ್ನು ಗುರುತಿಸಲಾಯಿತು. ಒಳ್ಳೆಯ ಆಸೆಯೇ. ಆದರೆ ಗೆರೆಗೆ ಎತ್ತರವಿರಲಿಲ್ಲ. ಬೇಗನೆ ಅದರ ಮೇಲೆ ಕಾರುಗಳು ನಿಂತವು. ಗೆರೆ ಕೇಳಿಕೊಳ್ಳಬಲ್ಲದು, ತಡೆಯುವುದು ಕಟ್ಟೆ ಮಾತ್ರ.

ನಲವತ್ತೆಂಟು ಸೆಕೆಂಡು

‘ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೊದಲೇ ಗಾಡಿ ಮುಂದೆ ಹೋಗಲ್ಲ, ಇನ್ನು ವೇಗದ ಮಿತಿ ಬೇರೆಯೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2024ರ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ ಇಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಹಿಡಿಯುತ್ತಿತ್ತು. ಅಂದರೆ ಗಂಟೆಗೆ 18 ಕಿ.ಮೀ.ಗೂ ಕಡಿಮೆ. ಆದರೆ ಈ ಸರಾಸರಿಯೊಳಗೆ ಸಿಗ್ನಲ್ಲಿನಲ್ಲಿ ನಿಂತ ಸೊನ್ನೆಯೂ ಇದೆ, ಆ ಸೊನ್ನೆಯ ಸಿಟ್ಟನ್ನು ತೀರಿಸಿಕೊಳ್ಳಲು ಒಳರಸ್ತೆಯಲ್ಲಿ ಓಡಿಸಿದ ಐವತ್ತೂ ಇದೆ. ಜನ ಸಾಯುವುದು ಸರಾಸರಿ ವೇಗದಿಂದಲ್ಲ, ಗುದ್ದಿದ ಕ್ಷಣದ ವೇಗದಿಂದ.

ತಡವಾಗುವುದು ಎಷ್ಟು? ಮನೆಯಿಂದ ಮುಖ್ಯರಸ್ತೆಗೆ ಒಂದು ಕಿಲೊಮೀಟರ್ ಎಂದುಕೊಳ್ಳಿ. ಎಲ್ಲೂ ನಿಲ್ಲದೆ 50ರಲ್ಲಿ ಹೋದರೆ 72 ಸೆಕೆಂಡು, 30ರಲ್ಲಿ ಹೋದರೆ 120. ವ್ಯತ್ಯಾಸ 48 ಸೆಕೆಂಡು. ಪ್ರತಿ ಕ್ರಾಸಿನಲ್ಲೂ ಬ್ರೇಕ್ ಹಾಕಿ ಮತ್ತೆ ಎಳೆಯುವ ನಮ್ಮ ರಸ್ತೆಗಳಲ್ಲಿ ಅಷ್ಟೂ ಉಳಿಯುವುದಿಲ್ಲ. ಹೆಚ್ಚೆಂದರೆ ಒಂದು ಕೆಂಪು ಸಿಗ್ನಲ್ಲಿನ ಸಮಯ. ಡೆಲಿವರಿ ಹುಡುಗರಿಗೆ ಆ ಸೆಕೆಂಡುಗಳಲ್ಲೇ ಅನ್ನವಿದೆ ಎಂಬುದೂ ನಿಜ. ಅವರ ಗಡಿಯಾರವನ್ನು ಸಡಿಲಿಸಬೇಕಾದವರು ಅವರನ್ನು ಓಡಿಸುವವರು ಮತ್ತು ಬೇಗ ಬರಲೆಂದು ಬಯಸುವ ನಾವು.

ನಮ್ಮ ಜನ ನಿಯಮ ಕೇಳುವುದೇ ಇಲ್ಲ ಎಂಬ ನಿರಾಸೆಗೂ ಕಾರಣವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ 188 ಜನ ಸತ್ತಿದ್ದರು. ಆ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊಗಳನ್ನು ನಿಷೇಧಿಸಿದರು, ವೇಗ ಹಿಡಿಯುವ ಕ್ಯಾಮೆರಾಗಳು ಬಂದವು, ದಂಡ ಬಿಗಿಯಾಯಿತು. 2024ರಲ್ಲಿ ಸಾವಿನ ಸಂಖ್ಯೆ ಸುಮಾರು 50ಕ್ಕೆ ಇಳಿಯಿತು. ಅದೇ ಚಾಲಕರು, ಅದೇ ರಸ್ತೆ.

ರಂಗೋಲಿಯ ಗಡಿ

1969ರಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ಬಗೆಯ ಮೂರು ಬೀದಿಗಳನ್ನು ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಬೀದಿಯಲ್ಲಿ ನಿಮಗೆಷ್ಟು ಸ್ನೇಹಿತರು ಎಂದು ಮನೆಮನೆಗೆ ಹೋಗಿ ಕೇಳಿದರು. ವಾಹನ ವಿರಳವಾದ ಬೀದಿಯಲ್ಲಿ ತಲಾ ಮೂರು ಜನ, ದಟ್ಟವಾದ ಬೀದಿಯಲ್ಲಿ ಒಬ್ಬರಿಗಿಂತ ಕಡಿಮೆ. ‘ನನ್ನ ಮನೆ’ ಎಂದು ನಿಮಗೆ ಅನ್ನಿಸುವುದು ಎಲ್ಲಿಯವರೆಗೆ ಎಂದೂ ಕೇಳಿ ನಕ್ಷೆ ಮಾಡಿದರು. ಮೊದಲ ಬೀದಿಯವರ ಮನೆ ರಸ್ತೆಯವರೆಗೂ ಹರಡಿತ್ತು. ಮೂರನೆಯ ಬೀದಿಯವರದು ತಮ್ಮ ಕಟ್ಟಡದೊಳಗೆ ಮುದುಡಿಕೊಂಡಿತ್ತು. ಇದನ್ನು ಕಂಡುಹಿಡಿದ ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರು ಗುದ್ದಿ ತೀರಿಕೊಂಡರು.

ಅವರು ಕಾಗದದ ಮೇಲೆ ಗುರುತಿಸಿದ ಗಡಿಯನ್ನು ನಮ್ಮ ಎದುರುಮನೆಯ ಅಜ್ಜಿ ದಿನಾ ಬೆಳಿಗ್ಗೆ ನೆಲದ ಮೇಲೆ ಬರೆಯುತ್ತಾರೆ. ರಸ್ತೆಯ ನಡುವಿನಿಂದ ಚಪ್ಪಡಿ ಕಲ್ಲಿನವರೆಗೆ ಹಿಂದೆ ಸರಿದ ರಂಗೋಲಿ ಒಂದು ದಾಖಲೆ. ಬೀದಿ ಯಾರದ್ದಾಗಿತ್ತು, ಈಗ ಯಾರದ್ದಾಗಿದೆ ಎಂಬುದನ್ನು ಅದು ಬರೆದಿಟ್ಟಿದೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದಿವೆ, ದಕ್ಷಿಣಕ್ಕೆ ತನ್ನದೇ ಒಂದು. ಮಿತಿಯನ್ನು ಘೋಷಿಸುವುದು ಸರ್ಕಾರದ ಕೆಲಸ, ಕಾಯುವುದು ಸಂಚಾರ ಪೊಲೀಸರದು, ರಸ್ತೆಯ ಆಕಾರ ತಿದ್ದುವುದು ಪಾಲಿಕೆಯದು. ಅಳೆಯುವುದನ್ನು ನಾವೇ ಮಾಡಬಹುದು. ಒಂದು ಟೇಪು, ಒಂದು ತುಂಡು ಸೀಮೆಸುಣ್ಣ, 50 ಮೀಟರ್. ನಿಮ್ಮ ಬೀದಿಯ ಮಕ್ಕಳನ್ನೂ ಕರೆದುಕೊಳ್ಳಿ, ಅವರು ಚೆನ್ನಾಗಿ ಎಣಿಸುತ್ತಾರೆ. ಸಿಕ್ಕ ಲೆಕ್ಕವನ್ನು ದಿನಾಂಕ, ಹೊತ್ತಿನ ಸಮೇತ ಬರೆದು ಪಾಲಿಕೆಯ ಎಂಜಿನಿಯರಿಗೂ ಠಾಣೆಗೂ ಕೊಡಿ. ಹಂಪ್ ಕೇಳುವುದಾದರೆ 3.7 ಮೀಟರಿನದನ್ನೇ ಕೇಳಿ.

ಮರುದಿನ ಸ್ಕೂಟರ್ ಹತ್ತಿ ಹೊರಟಾಗ ನಾನೂ ನನ್ನದೇ ಗೆರೆಗಳ ನಡುವೆ ಎಣಿಸಿದೆ. ಐದು ಮುಗಿಯುವ ಮೊದಲೇ ಹೊಂಗೆ ಮರ ಬಂದಿತ್ತು. ಅಂದಿನಿಂದ ಆಕ್ಸಿಲರೇಟರಿನ ಮೇಲಿನ ಕೈ ಸಡಿಲಿಸಿ ಆರರವರೆಗೆ ಎಣಿಸುತ್ತೇನೆ. ಆ ವೇಗದಲ್ಲಿ ಹೋಗುವಾಗ ಅಜ್ಜಿ ಯಾವ ಬಣ್ಣ ತುಂಬುತ್ತಿದ್ದಾರೆಂದು ಕಾಣುತ್ತದೆ. ಮೊನ್ನೆ ಅವರು ಹಿಂದೆ ಸರಿಯಲಿಲ್ಲ. ಚುಕ್ಕಿ ಇಡುತ್ತಲೇ ಇದ್ದರು.